ಮುರಿದ ಸೂಜಿಯ ಲೆಕ್ಕ

ಕಳೆದ ಆಷಾಢದಲ್ಲಿ ಊರಿಗೆ ಹೋದಾಗ ಮೂರು ದಿನ ಬಿಡದೆ ಮಳೆ. ಕರೆಂಟು ಹೋಗಿ ಎರಡು ದಿನವಾಗಿತ್ತು. ಇಂಥ ಹೊತ್ತಿನಲ್ಲಿ ಮಲೆನಾಡಿನ ಮನೆಗಳಲ್ಲಿ ಎಲ್ಲರೂ ಸೇರುವ ಜಾಗ ಒಂದೇ, ಬಚ್ಚಲ ಒಲೆಯ ಮುಂದೆ. ಹಂಡೆಯಲ್ಲಿ ನೀರು ಕಾಯುತ್ತಿತ್ತು, ಕೆಂಡದಲ್ಲಿ ಹಲಸಿನ ಬೀಜ ಚಟಪಟ ಅನ್ನುತ್ತಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತದ್ದರಿಂದ ಅಣ್ಣನ ಮಗಳೂ ಶಾಲು ಹೊದ್ದು ಬಂದು ಕೂತಳು. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಕೆಲಸ ಅವಳಿಗೆ.

"ಚಿಕ್ಕಪ್ಪ, ನಮ್ಮ ಕಂಪನಿಗೆ ಮಾಲು ಕೊಡೋರು ಹೇಗೆ ನಡ್ಕೋಬೇಕು ಅಂತ ಒಂದು ಕೋಡ್ ಬರೀತಾ ಇದೀನಿ. ಮಕ್ಕಳನ್ನ ದುಡಿಸಬಾರದು, ಬಲವಂತದ ಕೆಲಸ ಇರಬಾರದು, ಲಂಚ ಕೊಡಬಾರದು, ಹೊಳೆಗೆ ಕೊಳಚೆ ಬಿಡಬಾರದು. 22 ಪುಟ ಆಗಿದೆ. ನೀವು ಗಾರ್ಮೆಂಟ್ಸಲ್ಲಿ ಇದ್ದೋರಲ್ವಾ, ಅಲ್ಲೂ ಇದೆಲ್ಲ ಇತ್ತಾ?"

"ಇತ್ತಲ್ಲ," ಅಂದೆ. "ಗೋಡೆ ಮೇಲೆ."

ಅತ್ತಿಗೆ ನಕ್ಕರು. ಅವಳು ನಗಲಿಲ್ಲ. ಹಾಗಾಗಿ ಪೂರ್ತಿ ಹೇಳಬೇಕಾಯಿತು.

2012ರ ಮಾತು. ಮೈಸೂರು ರಸ್ತೆಯ ಕಡೆಯ ಒಂದು ಕಾರ್ಖಾನೆ. ಮೂರು ಮಹಡಿ, ಎಂಟುನೂರರ ಹತ್ತಿರ ಜನ, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಹೆಂಗಸರು. ರಾಮನಗರ, ಚನ್ನಪಟ್ಟಣದ ಕಡೆಯಿಂದ ಕತ್ತಲಿರುವಾಗಲೇ ಎದ್ದು ರೈಲು ಹಿಡಿದು ಬರುವವರು. ನಾನು ಟೈಮ್ ಆಫೀಸಿನ ಗುಮಾಸ್ತ. ಹೊಲಿಯುತ್ತಿದ್ದದ್ದು ಪರದೇಶದ ಒಂದು ಬ್ರ್ಯಾಂಡಿಗೆ ಪುಟ್ಟ ಮಕ್ಕಳ ಉಡುಪು. ಗೇಟಿನ ಒಳಗೆ ಕಾಲಿಟ್ಟರೆ ಎದುರಿಗೇ ಗಾಜಿನ ಚೌಕಟ್ಟಿನಲ್ಲಿ ಆ ಬ್ರ್ಯಾಂಡಿನ ಕೋಡ್. ಕನ್ನಡದಲ್ಲೇ ಇತ್ತು, ಆದರೆ ಕನ್ನಡದವರಿಗೆ ಅರ್ಥವಾಗುವ ಹಾಗಿರಲಿಲ್ಲ. 'ಪೂರೈಕೆದಾರರು ಸಂಘಟನಾ ಸ್ವಾತಂತ್ರ್ಯವನ್ನು ಗೌರವಿಸತಕ್ಕದ್ದು' ಅನ್ನುವ ಧಾಟಿ. ಅದರ ಕೆಳಗಿನ ಮೊಳೆಗೆ ಹೆಂಗಸರು ಛತ್ರಿ ನೇತುಹಾಕುತ್ತಿದ್ದರು.

ಈ ಗೋಡೆ ಕೋಡುಗಳ ಕಾಲ ಶುರುವಾದದ್ದು 1991ರಲ್ಲಿ, ಜೀನ್ಸಿನ ಲೀವೈಸ್ ಕಂಪನಿ ತನ್ನ ಗುತ್ತಿಗೆದಾರರಿಗೆ ಷರತ್ತು ಬರೆದಾಗ. ಮರುವರ್ಷ ನೈಕಿ ಬರೆಯಿತು. ಆಮೇಲೆ ಬರೆಯದ ಬ್ರ್ಯಾಂಡೇ ಇಲ್ಲ. ಹಾಗಂತ ಅವುಗಳಲ್ಲಿ ನಮಗೆ ಹೊಸದೇನೂ ಇರಲಿಲ್ಲ. ವಾರಕ್ಕೆ 48 ಗಂಟೆ ದುಡಿಮೆ, ಅದಕ್ಕೆ ಮೀರಿದರೆ ದುಪ್ಪಟ್ಟು ಸಂಬಳ, 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಆರು ವರ್ಷದೊಳಗಿನ ಮಕ್ಕಳಿಗೆ ಕ್ರೆಶ್, ಕೆಲಸ ನಡೆಯುವಾಗ ಬಾಗಿಲಿಗೆ ಬೀಗ ಇರಕೂಡದು – ಎಲ್ಲವೂ ನಮ್ಮದೇ 1948ರ ಕಾರ್ಖಾನೆ ಕಾಯ್ದೆಯಲ್ಲಿತ್ತು. ಆದರೆ ನಮ್ಮ ಮಾಲೀಕರು ಹೆದರುತ್ತಿದ್ದದ್ದು ಕಾಯ್ದೆಗಲ್ಲ, ಬಯ್ಯರ್‌ಗೆ, ಅಂದರೆ ಮಾಲು ಕೊಳ್ಳುವ ಬ್ರ್ಯಾಂಡಿನವರಿಗೆ. ಅವರ ಆಡಿಟ್‌ನಲ್ಲಿ ಫೇಲಾದರೆ ಆರ್ಡರ್ ಇಲ್ಲ.

ನಮ್ಮ ಲೈನಿನ ಹೆಂಗಸರು ಒಂದು ಮಾತು ಕಟ್ಟಿದ್ದರು: "ಬಯ್ಯರ್ ಬಂದ ದಿನ ನಮ್ಮನ್ನ ಯಾರೂ ಬಯ್ಯರು." ನಿಜವೇ. ಮಿಕ್ಕ ದಿನ ಗಂಟೆಗೊಮ್ಮೆ ಟಾರ್ಗೆಟ್ ಬೋರ್ಡಿನ ಮುಂದೆ ನಿಂತು ಬಾಯಿಗೆ ಬಂದಂತೆ ಕೂಗುವ ಸೂಪರ್‌ವೈಸರ್, ಆವತ್ತು "ನೀರು ಕುಡಿದ್ರಾಮ್ಮ?" ಅಂತ ಕೇಳುತ್ತಿದ್ದ.

ಆ ವರ್ಷದ ಆಡಿಟ್ ಅಕ್ಟೋಬರಿನಲ್ಲಿ, ದಸರೆಗೆ ಮುಂಚೆ. ತಾರೀಕು ಮೊದಲೇ ತಿಳಿದಿತ್ತು. ಒಂದು ವಾರ ಮದುವೆಮನೆಯ ಗಡಿಬಿಡಿ. ಮೆಷಿನ್ನುಗಳಿಗೆ ನೀಡಲ್ ಗಾರ್ಡ್ ಹಾಕಿದರು. ಬೆರಳಿಗೆ ಅಡ್ಡ ಎಂದು ಹೆಂಗಸರೇ ಕಿತ್ತಿಟ್ಟಿದ್ದರು, ಅದಿದ್ದರೆ ಟಾರ್ಗೆಟ್ ಮುಟ್ಟುವುದಿಲ್ಲ. ಶೌಚಾಲಯಕ್ಕೆ ಸೋಪು ಬಂತು. ಏನು ಕೇಳಿದರೆ ಏನು ಹೇಳಬೇಕು ಎಂದು ಲೈನ್ ಲೈನಿಗೂ ಪಾಠವಾಯಿತು. ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತೀರಿ? ಐದೂವರೆಗೆ. ಯಾರಾದರೂ ಬಯ್ಯುತ್ತಾರಾ? ಇಲ್ಲ ಮೇಡಂ.

ಹಿಂದಿನ ಬಾಗಿಲಿನ ಬೀಗ ಮಾತ್ರ ಈ ಸಲ ಬೇಗ ಬಿಚ್ಚಿತು. ಒಂದು ತಿಂಗಳ ಹಿಂದಷ್ಟೇ, ಸೆಪ್ಟೆಂಬರ್ 11ರಂದು, ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಗಾರ್ಮೆಂಟ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತಿದ್ದರು. ಕಿಟಕಿಗೆ ಸರಳು, ಬಾಗಿಲಿಗೆ ಬೀಗ. ಹೊಟ್ಟೆ ತೊಳಸಿದ ಸಂಗತಿ ಇನ್ನೊಂದಿತ್ತು. ಬೆಂಕಿಗೆ ಕೆಲವೇ ವಾರ ಮುಂಚೆ ಆ ಕಾರ್ಖಾನೆಗೆ ಎಸ್‌ಎ8000 ಅನ್ನುವ ಹೆಸರಾಂತ ಪ್ರಮಾಣಪತ್ರ ಸಿಕ್ಕಿತ್ತು. ಕಾರ್ಮಿಕರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬ ಪ್ರಮಾಣಪತ್ರ.

ನನ್ನ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಈಗ ಆಗಬೇಕಾದ್ದೇನಿಲ್ಲ. ಶಿಪ್‌ಮೆಂಟ್ ಹತ್ತಿರ ಬಂದಾಗ ಎಲ್ಲರೂ ಐದೂವರೆಗೆ ಕಾರ್ಡ್ ಪಂಚ್ ಮಾಡಿ, ಮತ್ತೆ ಹೋಗಿ ಮೆಷಿನ್ನಿಗೆ ಕೂರುತ್ತಿದ್ದರು. ಆಮೇಲಿನ ಗಂಟೆಗಳು ನನ್ನ ಹತ್ತಿರದ ಒಂದು ನೋಟ್‌ಬುಕ್ಕಿನಲ್ಲಿ. ಅದರ ದುಡ್ಡು ಕೈಗೆ, ದುಪ್ಪಟ್ಟಲ್ಲ, ಒಂಟಿ ಲೆಕ್ಕದಲ್ಲಿ. ಪಂಚಿಂಗ್ ಕಾರ್ಡು ಬಯ್ಯರ್‌ಗೆ, ನೋಟ್‌ಬುಕ್ಕು ಮಾಲೀಕರಿಗೆ. ಆಡಿಟ್‌ನ ಬೆಳಗ್ಗೆ ಆ ನೋಟ್‌ಬುಕ್ಕನ್ನು ನನ್ನ ಸ್ಕೂಟರಿನ ಸೀಟಿನ ಕೆಳಗೆ ಹಾಕಿ ಬೀಗ ಹಾಕಿದೆ.

ಬಂದದ್ದು ಧಾರವಾಡ ಕಡೆಯ ಹೆಣ್ಣುಮಗಳು, ವಯಸ್ಸು ನಲವತ್ತರ ಆಸುಪಾಸು. ಸೂಟು ಬೂಟಿನವರನ್ನು ಕಾಯುತ್ತಿದ್ದ ನಮ್ಮ ಜಿಎಂಗೆ ಕಾಟನ್ ಸೀರೆ ನೋಡಿ ಅರ್ಧ ಧೈರ್ಯ ಬಂತು. ಆಕೆ ಕಾಫಿ ಬೇಡವೆಂದು ಸೀದಾ ಕ್ರೆಶ್‌ಗೆ ಹೋದರು.

ಆ ಕೋಣೆ ವರ್ಷವಿಡೀ ಬಟನ್, ಝಿಪ್ಪಿನ ಗೋದಾಮು. ಆವತ್ತು ಗೋಡೆಯ ಮೇಲೆ ಆನೆ, ಮೊಲ, ಹೊಸ ತೊಟ್ಟಿಲು, ಪ್ಲಾಸ್ಟಿಕ್ ಚೆಂಡು. ಊರಲ್ಲಿ ಅಜ್ಜಿಯ ಹತ್ತಿರವೋ ಪಕ್ಕದ ಮನೆಯಲ್ಲೋ ಬಿಟ್ಟುಬರುತ್ತಿದ್ದ ಮಕ್ಕಳನ್ನು ಆವತ್ತೊಂದು ದಿನ ತರಲು ಹೇಳಿದ್ದರು. ಆಯಾ ವೇಷಕ್ಕೆ ಪ್ಯಾಕಿಂಗ್ ಸೆಕ್ಷನ್ನಿನ ಒಬ್ಬಾಕೆ. ಆಕೆ ಎತ್ತಿಕೊಂಡ ಕೂಸು ಮುಖ ನೋಡಿದ್ದೇ ತಡ, ಬಿಲ್ಡಿಂಗ್ ಹಾರಿಹೋಗುವಂತೆ ಕಿರುಚಿತು. ಆಡಿಟರ್ ಮೇಡಂ ಅದನ್ನೇ ಒಂದು ನಿಮಿಷ ನೋಡಿದರು. "ಕೂಸಿಗೆ ಆಯಾನ ಗುರುತ ಇಲ್ಲೇನ್ರೀ?" ಅಂದು ಏನೋ ಬರೆದುಕೊಂಡರು, ಅಷ್ಟೇ.

ಮಧ್ಯಾಹ್ನ ಕಾರ್ಡು, ಸಂಬಳದ ಪಟ್ಟಿ, ಪಿಎಫ್, ಇಎಸ್‌ಐ ಚಲನ್ನು ಎಲ್ಲ ನೋಡಿದರು. ಎಲ್ಲವೂ ಗೆರೆ ಹೊಡೆದಂತೆ ಸರಿಯಾಗಿತ್ತು. ನಾನೇ ಸರಿಮಾಡಿದ್ದು. ನಮ್ಮ ಜಿಎಂ ಕುರ್ಚಿಗೆ ಒರಗಿ ಕೂತರು. ಆಗ ಆಕೆ, "ಸೂಜಿ ರಿಜಿಸ್ಟರ್ ತರಸ್ರಿ," ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾರ್ಮೆಂಟ್ಸಿನಲ್ಲಿ ಸೂಜಿ ಮುರಿದರೆ ಸುಮ್ಮನೆ ಎಸೆಯುವಂತಿಲ್ಲ. ಚೂರೆಲ್ಲ ಹುಡುಕಿ ಜೋಡಿಸಿ, ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಬೇಕು. ಪಕ್ಕದಲ್ಲಿ ತಾರೀಕು, ಸಮಯ, ಲೈನ್ ನಂಬರು, ಮೆಷಿನ್ ನಂಬರು. ಹಳೇ ಸೂಜಿ ಪೂರ್ತಿ ಸಿಕ್ಕಿದರೆ ಮಾತ್ರ ಹೊಸದು. ಒಂದು ಚೂರು ಸಿಗದಿದ್ದರೂ ಆ ಬಂಡಲ್ ಅಷ್ಟನ್ನೂ ತೆಗೆದಿಟ್ಟು ಮೆಟಲ್ ಡಿಟೆಕ್ಟರಿಗೆ ಹಾಕಬೇಕು. ಯಾಕೆಂದರೆ ಅದು ಎಲ್ಲೋ ದೂರದ ದೇಶದ ಕೂಸಿನ ಮೈಗೆ ತಾಗುವ ಬಟ್ಟೆ. ಸೂಜಿಯ ವಿಷಯದಲ್ಲಿ ಬ್ರ್ಯಾಂಡು ಯಾವ ಕ್ಷಮೆಯನ್ನೂ ಕೊಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಸುಳ್ಳಿಲ್ಲದ ಪುಸ್ತಕ ಅಂತ ಇದ್ದರೆ ಅದೊಂದೇ. ಬರೆಯುತ್ತಿದ್ದವಳು ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗಿ, ದುಂಡನೆಯ ಅಕ್ಷರ. ಗಡಿಯಾರ ನೋಡಿ ಬರೆಯಮ್ಮ ಅಂದಿದ್ದರು, ನೋಡಿ ಬರೆದಿದ್ದಳು.

ಮೇಡಂ ಎರಡು ಪುಟ ತಿರುಗಿಸಿದರು. ಬೆರಳು ಒಂದು ಕಡೆ ನಿಂತಿತು. ಆ ದಿನದ ಪಂಚಿಂಗ್ ಕಾರ್ಡುಗಳನ್ನು ಎಳೆದು ಪಕ್ಕದಲ್ಲಿಟ್ಟರು.

"ಗೌರಿ ಹಬ್ಬದ ಹಿಂದಿನ ದಿನಾ ಎಲ್ಲಾರೂ ಐದೂವರೆಕ್ಕ ಮನೀಗೆ ಹೋಗ್ಯಾರ, ಕಾರ್ಡ್ ಹೇಳತೈತಿ. ಮತ್ತ ರಾತ್ರಿ 8.40ಕ್ಕ ಹನ್ನೊಂದನೇ ಲೈನಿನ ಸೂಜಿ ಯಾರ್ ಮುರದ್ರು? ದೆವ್ವ ಹೊಲೀತಿತ್ತೇನ್ರೀ?"

ನನಗೆ ಆ ರಾತ್ರಿ ನೆನಪಾಯಿತು. ಹಬ್ಬಕ್ಕೆ ಊರಿಗೆ ಹೋಗಬೇಕು, ಬಾಗಿನಕ್ಕೆ ಏನೂ ಕೊಂಡಿಲ್ಲ ಅಂತ ಅತ್ತವರಿದ್ದರು. ಕಂಟೇನರ್ ಹೊರಡುವ ತನಕ ಗೇಟು ತೆರೆಯಲಿಲ್ಲ. ಕೊನೇ ರೈಲು ತಪ್ಪಿಸಿಕೊಂಡವರು ರಾತ್ರಿ ಕ್ಯಾಂಟೀನಿನಲ್ಲಿ ಮಲಗಿದ್ದರು.

ಜಿಎಂ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ವರದಿ ಬಂತು. ಆರ್ಡರ್ ರದ್ದಾಗಲಿಲ್ಲ, ತಿದ್ದಿಕೊಳ್ಳಲು ಮೂರು ತಿಂಗಳು ಕೊಟ್ಟರು. ಒಳ್ಳೆಯದೂ ಆಯಿತು, ಇಲ್ಲವೆನ್ನಲಾರೆ. ಕ್ರೆಶ್‌ನ ತೊಟ್ಟಿಲು ಅಲ್ಲೇ ಉಳಿಯಿತು, ನಿಜವಾದ ಆಯಾ ಬಂದಳು, ಆ ಕಿರುಚಿದ ಕೂಸು ಅವಳ ಸೆರಗು ಹಿಡಿದು ಓಡಾಡುವುದನ್ನು ನಾನೇ ಕಂಡೆ. ಹಿಂದಿನ ಬಾಗಿಲಿಗೆ ಮತ್ತೆ ಬೀಗ ಬೀಳಲಿಲ್ಲ. ಎರಡು ತಿಂಗಳು ಓಟಿ, ಅಂದರೆ ಹೆಚ್ಚಿನ ಗಂಟೆಗಳ ದುಡ್ಡು, ಕಾರ್ಡಿನ ಮೇಲೇ ಬಂತು, ದುಪ್ಪಟ್ಟು ಲೆಕ್ಕದಲ್ಲಿ.

ಡಿಸೆಂಬರಿನಲ್ಲಿ ಒಂದು ಸಂಜೆ ಜಿಎಂ ನನ್ನನ್ನು ಕರೆದು ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ಬ್ರ್ಯಾಂಡಿನ ಆಡಿಟ್ ವಿಭಾಗದ್ದು: ಓಟಿ ಕೂಡದು. ಇನ್ನೊಂದು ಅದೇ ಬ್ರ್ಯಾಂಡಿನ ಖರೀದಿ ವಿಭಾಗದ್ದು: ಪೀಸಿನ ರೇಟು ಇಳಿಸಿ, ಮಾಲು ಹತ್ತು ದಿನ ಮುಂಚೆ ಕಳಿಸಿ. "ಇದೂ ಅವರದೇ, ಇದೂ ಅವರದೇ. ಯಾವ ಕಾಗದ ಪಾಲಿಸೋದು ಹೇಳು?" ನಾನು ಮಾಲೀಕರ ವಕೀಲನಲ್ಲ. ಆ ವರ್ಷವೇ ಅವರು ಹೊಸ ಕಾರು ಕೊಂಡಿದ್ದರು, ನಮ್ಮ ಹೆಂಗಸರ ಒಂಟಿ ಲೆಕ್ಕದ ಓಟಿ ಅದರಲ್ಲಿ ಸೇರಿತ್ತು. ಆದರೆ ಜಿಎಂ ಕೇಳಿದ ಪ್ರಶ್ನೆಗೆ ನನ್ನಲ್ಲಿ ಆಗಲೂ ಉತ್ತರವಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ನನ್ನ ನೋಟ್‌ಬುಕ್ಕು ಡ್ರಾಯರಿಗೆ ವಾಪಸು ಬಂತು. ಅಲ್ಲಿಂದಾಚೆಗೆ ಸೂಜಿ ಪುಸ್ತಕದಲ್ಲಿ ಒಂದೇ ಒಂದು ಸೂಜಿಯೂ ಸಂಜೆ ಐದೂವರೆಯ ಮೇಲೆ ಮುರಿಯಲಿಲ್ಲ.

ಆ ದುಂಡು ಅಕ್ಷರದ ಹುಡುಗಿಯನ್ನು ಇಸ್ತ್ರಿ ಸೆಕ್ಷನ್ನಿಗೆ ಹಾಕಿದರು, ಹಬೆಯಲ್ಲಿ ದಿನವಿಡೀ ನಿಲ್ಲುವ ಕೆಲಸ. ಎರಡು ತಿಂಗಳಿಗೆ ಅವಳು ಬರುವುದು ನಿಲ್ಲಿಸಿದಳು. ಪಿಎಫ್ ಫಾರಮ್ಮಿಗೆ ಸಹಿ ಮಾಡಲು ಬಂದಾಗ ಕೇಳಿದಳು: "ಸಾರ್, ನಾನು ಏನು ತಪ್ಪು ಬರ್ದೆ?" ಏನೂ ಇಲ್ಲಮ್ಮ ಅಂತ ಹೇಳಬೇಕಿತ್ತು. ಇಲ್ಲಿ ಸಹಿ ಹಾಕು ಅಂದೆ.

2013ರ ಏಪ್ರಿಲ್ 24ಕ್ಕೆ ಢಾಕಾದ ಹತ್ತಿರ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಬ್ಯಾಂಕು ತನ್ನವರನ್ನು ಮನೆಗೆ ಕಳಿಸಿತ್ತು, ಮೇಲಿನ ಗಾರ್ಮೆಂಟ್ಸಿನವರನ್ನು ಮಾತ್ರ ಕೆಲಸಕ್ಕೆ ಕರೆದರು. ಅಲ್ಲಿನ ಕಾರ್ಖಾನೆಗಳಿಗೂ ಆಡಿಟರುಗಳು ಬಂದು ಹೋಗಿದ್ದರು. ಆ ರಾತ್ರಿ ಟೀವಿ ನೋಡುತ್ತಾ ನನಗೆ ನೆನಪಾದದ್ದು ನನ್ನ ಸ್ಕೂಟರಿನ ಸೀಟು.

ಒಲೆಯ ಕೆಂಡ ಬೂದಿಯಾಗುತ್ತಾ ಬಂದಿತ್ತು. ಅತ್ತಿಗೆ ಇನ್ನೊಂದು ಕೊರಡು ನೂಕಿದರು.

"ಈಗ ಹಾಗಿಲ್ಲ ಚಿಕ್ಕಪ್ಪ," ಅಂದಳು ಹುಡುಗಿ. "ಸೆಬಿ 2021ರಲ್ಲೇ ನಿಯಮ ತಂದಿದೆ. ಷೇರುಪೇಟೆಯ ಮೊದಲ 1,000 ಕಂಪನಿ ಇದನ್ನೆಲ್ಲ ವರದಿ ಮಾಡಲೇಬೇಕು."

"ಮಾಡಲಿ, ಒಳ್ಳೇದೇ," ಅಂದೆ. "ನಿನ್ನ ಕೋಡು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದಿಲ್ಲದಿದ್ದರೆ ಆ ತೊಟ್ಟಿಲೂ ಬರ್ತಿರಲಿಲ್ಲ. ಆದರೆ ಮೂರು ಕೆಲಸ ಮಾಡು. ಕೆಲಸದವರನ್ನ ಕಾರ್ಖಾನೆ ಒಳಗೆ ಕೇಳಬೇಡ, ಅವರ ಬೀದೀಲಿ, ಅವರ ಭಾಷೇಲಿ ಕೇಳು. ನಿಜ ಬರೆದವರ ಕೆಲಸ ಹೋಗಬಾರದು ಅಂತ ಒಂದು ಸಾಲು ಹಾಕು, ಆರು ತಿಂಗಳು ಬಿಟ್ಟು ಅವರು ಅಲ್ಲೇ ಇದಾರಾ ಅಂತ ಹೋಗಿ ನೋಡು. ಮತ್ತೆ, ನಿಮ್ಮಲ್ಲಿ ರೇಟು, ತಾರೀಕು ಹಾಕೋರು ಇರ್ತಾರಲ್ಲ, ಈ ಕೋಡಿಗೆ ಅವರ ಸಹಿಯನ್ನೂ ಹಾಕಿಸು."

ಅವಳು ಸುಟ್ಟ ಬೀಜದ ಸಿಪ್ಪೆ ಬಿಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮನಸ್ಸಿನಲ್ಲೇ ಪುಟ ತಿರುಗಿಸುತ್ತಿದ್ದಳೇನೋ.

"ನಮ್ಮ 22 ಪುಟದಲ್ಲಿ ರೇಟು ಅನ್ನೋ ಪದವೇ ಇಲ್ಲ, ಚಿಕ್ಕಪ್ಪ," ಅಂದಳು.