ಬೆನ್ನಿನ ದಾರಿ, ಎದೆಯ ನೀರು

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ, ತಗಡಿನ ಮಾಡಿನ ಕೆಳಗೆ ಲೇತ್ ಯಂತ್ರದ ಮುಂದೆ ನಿಂತವನಿಗೆ ಬೇಸಗೆಯಲ್ಲಿ ಬೆವರುವುದೇ ಹೆಚ್ಚು, ನೀರು ಕುಡಿಯಲು ಬಿಡುವು ಕಡಿಮೆ. ಹೀಗೆ ಹಲವು ವರ್ಷ ದುಡಿದ ಕೆಲಸಗಾರನೊಬ್ಬನ ಬಲ ಮೂತ್ರಪಿಂಡದಲ್ಲಿ ದೊಡ್ಡ ಕಲ್ಲೊಂದು ಬೆಳೆದಿತ್ತು. ಬಾಳೆದಿಂಡಿನ ರಸವಾಯಿತು, ಹುರುಳಿಯ ಕಟ್ಟೂ ಆಯಿತು. ಅಷ್ಟು ದೊಡ್ಡ ಕಲ್ಲು ಇವಕ್ಕೆ ಮಣಿಯುವಂಥದಲ್ಲ. ಕೊನೆಗೆ ವೈದ್ಯರು ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ, ಕಲ್ಲನ್ನು ಒಡೆದು ಹೊರತೆಗೆದರು. 1976ರಲ್ಲಿ ಸ್ವೀಡನ್ನಿನ ವೈದ್ಯರು ಪ್ರಕಟಿಸಿದ ವಿಧಾನವಿದು. ಬೆನ್ನಿನಲ್ಲಿರಿಸಿದ್ದ ನಳಿಗೆಯನ್ನು ತೆಗೆದು ಆತನನ್ನು ಮನೆಗೆ ಕಳುಹಿಸಿದರು.

ಮೂರನೆಯ ದಿನ ಆತನಿಗೆ ಉಸಿರು ಸಾಲದಾಯಿತು. ಬಲ ಪಕ್ಕೆ ಚುಚ್ಚುತ್ತಿತ್ತು, ಭುಜವೂ ನೋಯುತ್ತಿತ್ತು.

“ಯಾಕ್ರೀ, ಹಿಂಗ್ ಏದುಸಿರು ಬಿಡ್ತೀರಿ?”

“ಗ್ಯಾಸ್ ಆಗೈತಿ ಬಿಡು. ಒಂದ್ ಸೋಡಾ ಕುಡಿದ್ರೆ ಹೋಗ್ತೈತಿ.”

ಎಷ್ಟೋ ಮನೆಗಳಲ್ಲಿ ಮಾತು ಇಲ್ಲಿಗೇ ನಿಲ್ಲುತ್ತದೆ. ಆಕೆ ನಿಲ್ಲಿಸಲಿಲ್ಲ, ಸೋಡಾ ತರುವ ಬದಲು ಆಟೋ ಕರೆತಂದಳು.

ಮೂತ್ರಪಿಂಡಕ್ಕೂ ಎದೆಗೂ ಎಲ್ಲಿಯ ನಂಟು ಎನ್ನಿಸಬಹುದು. ಶ್ವಾಸಕೋಶವನ್ನು ಸುತ್ತುವ ತೆಳುಪೊರೆಯ ಚೀಲವು ಬೆನ್ನಿನ ಕಡೆಯಲ್ಲಿ ಜನರು ಎಣಿಸಿದುದಕ್ಕಿಂತ ಕೆಳಗೆ, ಹನ್ನೆರಡನೆಯ ಪಕ್ಕೆಲುಬಿನವರೆಗೂ ಇಳಿದಿರುತ್ತದೆ. ಕಲ್ಲು ಮೂತ್ರಪಿಂಡದ ಮೇಲ್ತುದಿಯಲ್ಲಿದ್ದರೆ ಕೆಲವೊಮ್ಮೆ ಆ ಎಲುಬಿನ ಮೇಲಿನಿಂದಲೇ ದಾರಿ ಮಾಡಬೇಕಾಗುತ್ತದೆ. ಎಷ್ಟು ಎಚ್ಚರವಿದ್ದರೂ ಪೊರೆಗೆ ತೂತು ಬೀಳುವುದುಂಟು. ಆಗ ಗಾಳಿ, ರಕ್ತ, ನೀರು ಎದೆಗೂಡನ್ನು ಸೇರಬಹುದು. ತೀರ ಅಪರೂಪವಾಗಿ, ಬೆನ್ನಿನ ನಳಿಗೆ ತೆಗೆದ ಮೇಲೆ, ಮೂತ್ರವೇ ಅತ್ತ ಹರಿಯುವುದು.

ಈತನಿಗೆ ಆದದ್ದು ಅದೇ. ಕ್ಷಕಿರಣದ ಚಿತ್ರದಲ್ಲಿ ಬಲ ಎದೆಯ ಕೆಳಭಾಗ ಬೆಳ್ಳಗಿತ್ತು. ಸೂಜಿಯಿಂದ ತೆಗೆದ ನೀರಿನಲ್ಲಿ ಕ್ರಿಯಾಟಿನಿನ್ ರಕ್ತದಲ್ಲಿರುವುದಕ್ಕಿಂತ ಹೆಚ್ಚಾಗಿತ್ತು. ಮೂತ್ರವೆಂಬುದಕ್ಕೆ ಅದೇ ಗುರುತು. ಪಕ್ಕೆಲುಬುಗಳ ನಡುವೆ ನಳಿಗೆಯಿಟ್ಟು, ಅದರ ಹೊರತುದಿಯನ್ನು ಸೀಸೆಯ ನೀರಿನಲ್ಲಿ ಮುಳುಗಿಸಿದರು: ಒಳಗಿನದು ಹೊರಬರಬೇಕು, ಹೊರಗಿನ ಗಾಳಿ ಒಳಹೋಗಬಾರದು. ಆದರೆ ಎದೆಯನ್ನು ಬರಿದು ಮಾಡಿದರಷ್ಟೇ ಸಾಲದು. ಸಹಜ ದಾರಿ ಸುಗಮವಾದರೆ ಮಾತ್ರ ಮೂತ್ರವು ಅಡ್ಡದಾರಿಯನ್ನು ಬಿಡುತ್ತದೆ. ಅದಕ್ಕಾಗಿ ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಸ್ಟೆಂಟ್ ಎಂಬ ತೆಳುವಾದ ನಳಿಗೆಯನ್ನಿರಿಸಿದರು. ದಿನದಿಂದ ದಿನಕ್ಕೆ ಸೀಸೆಗೆ ಬೀಳುವ ನೀರು ಇಳಿಯಿತು, ಶ್ವಾಸಕೋಶ ಅರಳಿತು, ಎದೆಯ ನಳಿಗೆ ಹೊರಬಂತು. ಹೆಚ್ಚಿನವರಿಗೆ ಇಷ್ಟೇ ಸಾಕು. ಎದೆಯನ್ನು ತೆರೆಯಬೇಕಾಗುವುದು ವಿರಳ.

ಒಳಗಿನ ಸ್ಟೆಂಟ್ ಮಾತ್ರ ಇನ್ನೂ ಕೆಲವು ವಾರ ಇರಬೇಕು. ನೋವಿಲ್ಲವೆಂದು ಅದನ್ನು ಮರೆತರೆ ಅದರ ಮೇಲೆಯೇ ಹೊಸ ಕಲ್ಲು ಕಟ್ಟುತ್ತದೆ. ಆಕೆ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿಯೇ, ಅದನ್ನು ತೆಗೆಸುವ ತಾರೀಕಿಗೆ ಕೆಂಪು ಸುತ್ತು ಹಾಕಿಟ್ಟಿದ್ದಾಳೆ.