ಸಂದಿಗೆ ಹಗ್ಗ

ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಗೇಟಿನಿಂದ ಪಾರ್ಕಿಂಗ್‌ವರೆಗೆ ಕಾಂಕ್ರೀಟ್ ದಾರಿಯಿದೆ. ಅದರಲ್ಲಿ ಒಂದು ಸ್ಲ್ಯಾಬ್ ಮಾತಾಡುತ್ತದೆ. ಕಾರಿನ ಚಕ್ರ ಮೂಲೆ ಹತ್ತಿದರೆ ‘ಟಕ್’. ಮಳೆಗಾಲವಾದರೆ ಟಕ್ ಜೊತೆಗೆ ಸಂದಿಯಿಂದ ಕೆಸರುನೀರೂ ಚಿಮ್ಮುತ್ತದೆ. ಸಂದಿ ಎಂದರೆ ಎರಡು ಸ್ಲ್ಯಾಬುಗಳ ನಡುವೆ ನೆಟ್ಟಗೆ ಕೊಯ್ದಿರುವ ಗೆರೆ. ಎಂಟು ವರ್ಷದಿಂದ ನಮ್ಮಲ್ಲಿ ಅದನ್ನು ಯಾರೂ ಮುಚ್ಚಿರಲಿಲ್ಲ. ಗರಿಕೆ ಬೆಳೆದಿತ್ತು. ಚೆನ್ನಾಗಿ ಕಾಣುತ್ತದೆ, ಕೀಳಬೇಡಿ ಎಂದವರಲ್ಲಿ ನಾನೂ ಇದ್ದೆ.

ಕಳೆದ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಸಂದಿಗಳಿಗೆ ಸೀಲಂಟ್ ತುಂಬಿಸಲು ಸೊಸೈಟಿ ಅಂತೂ ಒಪ್ಪಿತು. ಬಂದ ಇಬ್ಬರು ಕೆಲಸಗಾರರು ಇಂಡಿ ಕಡೆಯವರು. ಕನ್ನಡ ಕಿವಿಗೆ ಬಿದ್ದದ್ದೇ ನಾನು ಚಹಾ ಹಿಡಿದು ಕೆಳಗಿಳಿದೆ. ಮನೆಯಲ್ಲಿ ಕೂತು ಅನುವಾದ ಮಾಡಿ ಬದುಕುವವರಿಗೆ ಎದ್ದುಬರಲು ಇಂಥ ನೆಪ ಸಾಕು.

ಅವರು ಗರಿಕೆ ಕಿತ್ತರು, ಮಣ್ಣು ಕೆರೆದರು, ತಂತಿ ಬ್ರಷ್ಷಿನಿಂದ ಎರಡೂ ಅಂಚು ಉಜ್ಜಿದರು, ಗಾಳಿ ಊದಿ ಧೂಳು ಹಾರಿಸಿದರು. ಅರ್ಧ ದಿನ ಇದಕ್ಕೇ ಹೋಯಿತು. ಆಮೇಲೆ ಚೀಲದಿಂದ ಬೆರಳು ದಪ್ಪದ, ಬೂದುಬಣ್ಣದ ಫೋಮಿನ ಸುರುಳಿಯೊಂದು ಹೊರಬಂತು.

“ಬ್ಯಾಕರ್ ರಾಡ್ ಅಂತಾರ್ರಿ. ನಾವ್ ಹಗ್ಗ ಅಂತೀವಿ.”

ನನ್ನ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು.

ಎರಡು ವರ್ಷದ ಹಿಂದೆ ಒಂದು ಸೀಲಂಟಿನ ಬಳಕೆ ಕರಪತ್ರವನ್ನು ನಾನು ಕನ್ನಡಕ್ಕೆ ತಂದಿದ್ದೆ. ಚಿತ್ರವಿಲ್ಲ, ಬರೀ ಎಕ್ಸೆಲ್ ಹಾಳೆಯ ಸಾಲುಗಳು. ‘ಬ್ಯಾಕರ್ ರಾಡ್’ ಬಂದಲ್ಲೆಲ್ಲ ‘ಆಧಾರ ಸಲಾಕೆ’ ಎಂದು ಬರೆದಿದ್ದೆ. ಅದಾದರೂ ಬರೀ ಅಜ್ಞಾನ. ಮುಂದಿನ ಸಾಲಿನಲ್ಲಿ ‘ರಾಡನ್ನು ಚುಚ್ಚಬೇಡಿ’ ಎಂದಿತ್ತು. ಕಬ್ಬಿಣದ ಸಲಾಕೆಯನ್ನು ಯಾರು ಹೇಗೆ ಚುಚ್ಚುತ್ತಾರೆ? ಮೂಲದವರೇ ತಪ್ಪು ಬರೆದಿದ್ದಾರೆಂದು ತೀರ್ಮಾನಿಸಿ ‘ಸಲಾಕೆಯಿಂದ ಚುಚ್ಚಬೇಡಿ’ ಎಂದು ತಿದ್ದಿದೆ. ಭಾಷಾವಿಜ್ಞಾನದ ಎಂಎ ಮಾಡಿದ ಜಂಬ, ವಿಭಕ್ತಿಯನ್ನೇ ಬದಲಿಸಿಬಿಟ್ಟೆ.

“ಹಗ್ಗ ಯಾಕೆ ಹಾಕ್ತೀರಿ?” ಎಂದೆ, ತಿಳಿದುಕೊಳ್ಳಲೇಬೇಕಿತ್ತು.

“ಸೀಲಂಟ್ ತಳಕ್ಕ ಅಂಟಬಾರದ್ರಿ. ಎರಡ ಕಡೆ ಅಷ್ಟ ಹಿಡೀಬೇಕು.”

ಮೇಲೆ ಬಂದು ಓದಿದ ಮೇಲೆ ಪೂರ್ತಿ ಅರ್ಥವಾಯಿತು. ಕಾಂಕ್ರೀಟ್ ಕುಗ್ಗಿದಾಗ ಬಿರಿಯುತ್ತದೆ. ಆ ಬಿರುಕು ನಮಗೆ ಬೇಕಾದಲ್ಲೇ ಬರಲೆಂದು ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕೊಯ್ದಿಡುತ್ತಾರೆ. ಉಳಿದದ್ದು ಆ ಗೆರೆಯ ಕೆಳಗೇ ಒಡೆಯುತ್ತದೆ. ಅಂದರೆ ಸಂದಿ ನೀರಿಗೆ ತೆರೆದ ಬಾಗಿಲು. ಒಳಗಿಳಿದ ನೀರು ತಳದ ಮಣ್ಣನ್ನು ನೆನೆಸುತ್ತದೆ, ಮೇಲೆ ಚಕ್ರ ಹೋದಾಗಲೆಲ್ಲ ನುಣ್ಣನೆಯ ಮಣ್ಣು ನೀರಿನೊಂದಿಗೆ ಹೊರಗೆ ಕಾರುತ್ತದೆ. ನಿಧಾನಕ್ಕೆ ಮೂಲೆಯ ಕೆಳಗೆ ಪೊಳ್ಳು. ಎರೆಮಣ್ಣಿನ ನೆಲವಾದರೆ ಇನ್ನೂ ಕಷ್ಟ, ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಸಂದಿಯಲ್ಲಿ ಕಲ್ಲುಪುಡಿ ಸಿಕ್ಕಿಕೊಂಡರೆ ಬೇಸಿಗೆಯಲ್ಲಿ ಹಿಗ್ಗುವ ಸ್ಲ್ಯಾಬಿಗೆ ಜಾಗವಿಲ್ಲದೆ ಅಂಚು ಚಕ್ಕೆ ಏಳುತ್ತದೆ. 4 ಮೀಟರ್ ಸ್ಲ್ಯಾಬು 30 ಡಿಗ್ರಿ ಏರಿಳಿತಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಅಷ್ಟು ಎಳೆತವನ್ನು ಸೀಲಂಟ್ ವರ್ಷವಿಡೀ ತಾಳಬೇಕು. ಎರಡು ಬದಿಗೆ ಮಾತ್ರ ಅಂಟಿದ್ದರೆ ರಬ್ಬರಿನಂತೆ ಹಿಗ್ಗುತ್ತದೆ, ತಳಕ್ಕೂ ಅಂಟಿದರೆ ಹರಿಯುತ್ತದೆ. ಅದಕ್ಕೇ ಹಗ್ಗ. 12 ಮಿಲಿಮೀಟರ್ ಸಂದಿಗೆ 15 ಮಿಲಿಮೀಟರಿನ ಹಗ್ಗ ಬಿಗಿಯಾಗಿ ಕೂರುತ್ತದೆ, ಮೇಲೆ 6 ಮಿಲಿಮೀಟರ್ ಸೀಲಂಟ್ ಸಾಕು. ಆ ಜಾಗದಲ್ಲಿ ನನ್ನ ಕಬ್ಬಿಣದ ಸಲಾಕೆ ಇಟ್ಟರೆ? ಸೀಲಂಟ್ ಅದಕ್ಕೂ ಅಂಟುತ್ತದೆ. ನೀರು ಸೋರಿದರೆ ಸಲಾಕೆ ತುಕ್ಕು ಹಿಡಿದು ಉಬ್ಬುತ್ತದೆ.

ಚುಚ್ಚುವ ವಿಷಯವನ್ನು ಅವರು ಕೇಳುವ ಮೊದಲೇ ಹೇಳಿದ್ದರು. “ಮೊಂಡ ಕಟಗೀಲೇ ಒತ್ತಬೇಕ್ರಿ. ಸ್ಕ್ರೂ ಡ್ರೈವರ್ ಹಾಕಿದ್ರ ಹಗ್ಗ ಹರೀತೈತಿ, ಆಮ್ಯಾಲ ಮ್ಯಾಲ ಗುಳ್ಳಿ ಏಳ್ತಾವು.” ಫೋಮಿನ ಮುಚ್ಚಿದ ಕಣಗಳೊಳಗಿನ ಗಾಳಿ ಹೊರಬಂದು ಹಸಿ ಸೀಲಂಟಿನಲ್ಲಿ ಗುಳ್ಳೆ ಮಾಡುತ್ತದೆ. ಮೂಲದವರು ತಪ್ಪು ಬರೆದಿರಲಿಲ್ಲ.

ವ್ಯಾಕರಣದ ಪಾಠದಲ್ಲಿ ಸಂಧಿ ಎಂದರೆ ಕೂಡುವುದು. ಲೋಪ, ಆಗಮ, ಆದೇಶ ಎಂದು ಬಾಯಿಪಾಠ ಮಾಡಿದ್ದೇವೆ. ಸ್ವರಗಳು ಎದುರಾದರೂ ಕೂಡದೆ ಹಾಗೇ ಉಳಿದರೆ ಅದು ಪ್ರಕೃತಿಭಾವ. ಕಾಂಕ್ರೀಟಿನ ಸಂದಿ ಈ ಎರಡನೇ ಜಾತಿಯದು. ಕರಪತ್ರದಲ್ಲಿ ನಾನು ಅದನ್ನು ‘ಜೋಡಣೆ’ ಎಂದು ಬರೆದಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಟಕ್ ಎನ್ನುವ ಸ್ಲ್ಯಾಬನ್ನು ಹಿರಿಯರು ಸುತ್ತಿಗೆಯಿಂದ ಬಡಿದು ನೋಡಿದರು. “ಕೆಳಗ ಪೊಳ್ಳ ಆಗೈತ್ರಿ. ನಾವು ಮ್ಯಾಲ ಬಾಗಲಾ ಹಾಕಿ ಹೊಕ್ಕೀವಿ ಅಷ್ಟ.” ತೂತು ಕೊರೆದು ಸಿಮೆಂಟ್ ಹಾಲು ತುಂಬಿಸಬೇಕಂತೆ. ಸೊಸೈಟಿ ಅದನ್ನು ಮುಂದಿನ ವರ್ಷಕ್ಕೆ ಹಾಕಿತು. ಜೂನಿನಲ್ಲಿ ಮಳೆ ಬಂದಾಗ ಕೆಸರು ಚಿಮ್ಮಲಿಲ್ಲ. ಟಕ್ ಮಾತ್ರ ಹಾಗೇ ಇದೆ.

ಕರಪತ್ರ ಕೊಡಿಸಿದ್ದ ಏಜೆನ್ಸಿಗೆ ಅವತ್ತೇ ಮೇಲ್ ಮಾಡಿದ್ದೆ. ಪ್ರಿಂಟಾಗಿ ಹಂಚಿಯಾಗಿದೆ, ಮುಂದಿನ ಸಲ ನೋಡೋಣ ಎಂದರು. ಈಗ ಊರಿಗೆ ಹೋದಾಗ ಹಾರ್ಡ್‌ವೇರ್ ಅಂಗಡಿ ಕಂಡರೆ ಒಳಗೆ ಹೋಗಿ ಕರಪತ್ರವಿದೆಯೇ ಎಂದು ಕೇಳುತ್ತೇನೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹನ್ನೊಂದು ಪ್ರತಿ ಸಿಕ್ಕವು. ಮಾಲೀಕರದ್ದೇ ಪೆನ್ನು ಕೇಳಿ ಪಡೆದು, ಕೌಂಟರಿನ ಮೇಲೆ ಹರಡಿಕೊಂಡು, ಸಲಾಕೆಯನ್ನು ಹೊಡೆದುಹಾಕಿ ಫೋಮ್ ಹಗ್ಗ ಎಂದು ಬರೆದೆ. ಕೆಳಗಿನ ಸಾಲಿನ ವಿಭಕ್ತಿಯನ್ನೂ ತಿದ್ದಿದೆ, ಹನ್ನೊಂದರಲ್ಲೂ.