ನೂರು ಲೋಟದ ಪಾನಕ

ಚೈತ್ರದ ರಾಮನವಮಿಯಿಂದ ವೈಶಾಖದ ಬಸವ ಜಯಂತಿಯವರೆಗಿನ ಬಿರುಬಿಸಿಲಿನ ದಿನಗಳಲ್ಲಿ, ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ, ಗುಡಿಯ ಮುಂದಿನ ಚಪ್ಪರದಲ್ಲಿಯೋ ಮೆರವಣಿಗೆ ಹಾಯುವ ಬೀದಿಯ ತಿರುವಿನಲ್ಲಿಯೋ ದೊಡ್ಡ ಕೊಳಗಗಳನ್ನಿಟ್ಟು ಬಂದವರಿಗೆಲ್ಲ ಪಾನಕ ಕೊಡುವ ಪದ್ಧತಿಯನ್ನು ಕಾಣಬಹುದು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ನಿಂಬೆಯ ಅಥವಾ ಹುಣಸೆಯ ಹುಳಿ ಸೇರಿಸಿ, ಏಲಕ್ಕಿ, ಒಣಶುಂಠಿ, ಕಾಳುಮೆಣಸುಗಳಿಂದ ಪರಿಮಳವನ್ನೂ ಹಿತವಾದ ಖಾರವನ್ನೂ ಕೂಡಿಸಿದ ಪೇಯವೇ ಪಾನಕ. ಬೇಲದ ಹಣ್ಣಿನ ತಿರುಳಿನಿಂದ, ಕರಬೂಜದಿಂದ ಮಾಡುವ ಪಾನಕಗಳೂ ಇದೇ ಕುಲಕ್ಕೆ ಸೇರಿದವು. ಮನೆಯವರಿಗೆಂದು ತಂಬಿಗೆಯಲ್ಲಿ ಕಲಸಿದ ಪಾನಕವನ್ನು ನೂರರಿಂದ ಗುಣಿಸಿದ ಮಾತ್ರಕ್ಕೆ ಕೊಳಗದ ಪಾನಕವಾಗುವುದಿಲ್ಲ. ಮನೆಯಲ್ಲಿ ಕುಡಿಯುವವರ ನಾಲಿಗೆ ಪರಿಚಿತವಾದದ್ದು, ಬೀದಿಯಲ್ಲಿ ಲೋಟ ಚಾಚುವವರು ಯಾರೆಂದು ಕಲಸುವವರಿಗೆ ತಿಳಿಯದು. ಹೀಗೆ ಅಪರಿಚಿತವಾದ ನೂರು ಗಂಟಲುಗಳಿಗೆ ಒಂದೇ ಪಾತ್ರೆಯಲ್ಲಿ ರುಚಿಯನ್ನು ಹೊಂದಿಸುವುದು ಅಡಿಗೆಯ ಕಲೆಗಳಲ್ಲಿ ಬಹಳ ಸೂಕ್ಷ್ಮವಾದದ್ದು, ಮತ್ತು ಅದಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ.

ಒಂದು ಲೋಟಕ್ಕೆ 200 ಮಿಲಿಲೀಟರಿನಂತೆ ನೂರು ಜನರಿಗೆ 20 ಲೀಟರು ಪಾನಕ ಬೇಕು. ಇದಕ್ಕೆ ಸುಮಾರು 3 ಕಿಲೋ ಬೆಲ್ಲ, ಗಾತ್ರ ನೋಡಿಕೊಂಡು 30ರಿಂದ 40 ನಿಂಬೆಹಣ್ಣು, 25 ಗ್ರಾಮಿನಷ್ಟು ಏಲಕ್ಕಿ, 50 ಗ್ರಾಮಿನಷ್ಟು ಒಣಶುಂಠಿ, 20 ಗ್ರಾಮಿನಷ್ಟು ಕಾಳುಮೆಣಸು ಸಾಕಾಗುತ್ತವೆ. ನಾಲ್ಕು ಚಮಚ ಉಪ್ಪನ್ನು ಮಾತ್ರ ಮರೆಯಬಾರದು. ಉಪ್ಪು ಹಾಕಿದ್ದು ನಾಲಿಗೆಗೆ ಗೊತ್ತಾಗದಿದ್ದರೂ ಅದು ನಿಂಬೆಯ ಕಹಿಯನ್ನು ಅಡಗಿಸಿ ಬೆಲ್ಲದ ಸಿಹಿಯನ್ನು ಎತ್ತಿಕೊಡುತ್ತದೆ, ಬೆವರಿನಲ್ಲಿ ಕಳೆದುಹೋದದ್ದನ್ನು ಮೈಗೆ ಸ್ವಲ್ಪ ಮರಳಿಸುತ್ತದೆ. ಅಳತೆಗಿಂತಲೂ ಮುಖ್ಯವಾದದ್ದು ಸೇರಿಸುವ ಕ್ರಮ. ಬೆಲ್ಲವನ್ನು ಕುಟ್ಟಿ ಸ್ವಲ್ಪವೇ ಬಿಸಿನೀರಿನಲ್ಲಿ ಕರಗಿಸಿ, ಅದರಲ್ಲಿರುವ ಮರಳು ಮತ್ತು ಕಬ್ಬಿನ ನಾರು ಉಳಿಯದಂತೆ ತೆಳುಬಟ್ಟೆಯಲ್ಲಿ ಶೋಧಿಸಬೇಕು. ನೋಟಕ್ಕೆ ಬೆಳ್ಳಗಿರುವ ಬೆಲ್ಲಕ್ಕಿಂತ ರಾಸಾಯನಿಕ ತಾಗದ ಕಂದುಬಣ್ಣದ ಬೆಲ್ಲವೇ ಪಾನಕಕ್ಕೆ ಒಗ್ಗುತ್ತದೆ. ಪುಡಿಗಳನ್ನು ನೇರವಾಗಿ ನೀರಿಗೆ ಸುರಿದರೆ ಅವು ಗಂಟುಕಟ್ಟಿ ಮೇಲೆ ತೇಲುವುದರಿಂದ ಮೊದಲು ದಪ್ಪನೆಯ ಬೆಲ್ಲದ ನೀರಿನಲ್ಲಿಯೇ ಅವನ್ನು ಕದಡಿಕೊಳ್ಳಬೇಕು. ನಿಂಬೆಯ ಸರದಿ ಎಲ್ಲಕ್ಕಿಂತ ಕೊನೆಯದು: ಬೆಲ್ಲದ ನೀರು ಪೂರ್ತಿ ತಣಿದ ಮೇಲೆ, ಬೀಜ ತೆಗೆದು, ಸಿಪ್ಪೆಯ ಎಣ್ಣೆ ಇಳಿಯದಂತೆ ಮೆಲ್ಲಗೆ ಹಿಂಡಬೇಕು, ಇಲ್ಲವಾದರೆ ಕೊಳಗದ ಅಷ್ಟೂ ಪಾನಕ ಕಹಿಯಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಬಡಿಸುವವರ ಕೆಲಸವೊಂದು ಉಳಿದಿರುತ್ತದೆ. ಶುಂಠಿ ಮತ್ತು ಮೆಣಸಿನ ಪುಡಿಗಳು ನೀರಿನಲ್ಲಿ ಕರಗುವಂಥವಲ್ಲ, ನಿಂತ ನೀರಿನಲ್ಲಿ ತಳಕ್ಕೆ ಇಳಿಯುತ್ತವೆ. ಆದ್ದರಿಂದ ಮೇಲಿಂದ ಮೇಲೆ ಮೊಗೆದು ಕೊಟ್ಟರೆ ಮೊದಲು ಬಂದವರಿಗೆ ಬರಿಯ ಸಿಹಿನೀರು, ಕೊನೆಗೆ ಬಂದವರಿಗೆ ಗಂಟಲು ಉರಿಸುವ ಗಷ್ಟು ದೊರೆಯುತ್ತದೆ. ಪ್ರತಿ ಸಲವೂ ಸೌಟನ್ನು ತಳದವರೆಗೆ ಇಳಿಸಿ ಕದಡಿ ಮೊಗೆಯುವವರು ಮೊದಲನೆಯ ಲೋಟಕ್ಕೂ ನೂರನೆಯ ಲೋಟಕ್ಕೂ ಭೇದ ಬಾರದಂತೆ ಕಾಯುತ್ತಾರೆ. ಸಾಲಿನ ಕೊನೆಯಲ್ಲಿ ನಿಂತವರಿಗೆ ತೋರುವ ಈ ಮರ್ಯಾದೆಯಲ್ಲಿಯೇ ಸಮೂಹದ ಪೇಯದ ಹೆಚ್ಚುಗಾರಿಕೆಯಿದೆ.

ಪಾನಕದ ಈ ಗುಣವನ್ನು ಭಾರತೀಯ ಕಾವ್ಯಮೀಮಾಂಸೆ ಬಹು ಹಿಂದೆಯೇ ಗುರುತಿಸಿತ್ತು. ಬೆಲ್ಲ, ಮೆಣಸು ಮೊದಲಾದ ಪದಾರ್ಥಗಳು ಕೂಡಿದಾಗ ಅವುಗಳಲ್ಲಿ ಯಾವುದೊಂದರದ್ದೂ ಅಲ್ಲದ ಹೊಸ ಆಸ್ವಾದ ಹುಟ್ಟುವಂತೆ, ಕಾವ್ಯದಲ್ಲಿ ವಿಭಾವಾದಿಗಳು, ಎಂದರೆ ಭಾವವನ್ನು ಎಬ್ಬಿಸುವ ಮತ್ತು ಪ್ರಕಟಿಸುವ ಸಾಮಗ್ರಿಗಳು, ಒಂದಾಗಿ ರಸವಾಗುತ್ತವೆ ಎಂಬ ವಿವರಣೆಗೆ ಆಲಂಕಾರಿಕರು ಪಾನಕರಸನ್ಯಾಯವೆಂಬ ಹೆಸರನ್ನಿತ್ತರು. ಅವರೇ ಹೇಳಿದ ಸಾಧಾರಣೀಕರಣದ ತತ್ತ್ವವೂ, ಎಂದರೆ ರಸಾನುಭವದಲ್ಲಿ ತನ್ನದು ಪರರದು ಎಂಬ ಗೆರೆ ಅಳಿಸಿ ಅನುಭವವು ಎಲ್ಲರದಾಗುವುದೆಂಬ ಮಾತೂ, ಕೊಳಗದ ಪಾನಕಕ್ಕೆ ಅಷ್ಟೇ ಸರಿಯಾಗಿ ಸಲ್ಲುತ್ತದೆ. ಪಾಕಗ್ರಂಥಗಳಲ್ಲಿಯೂ ಪಾನಕಕ್ಕೆ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ನೀರು ಮತ್ತು ಪೇಯಗಳಿಗಾಗಿಯೇ ಪಾನೀಯಭೋಗವೆಂಬ ಭಾಗವನ್ನು ಮೀಸಲಿಟ್ಟಿದೆ. ಮೂರನೆಯ ಮಂಗರಸನ ಕನ್ನಡ ಸೂಪಶಾಸ್ತ್ರದಲ್ಲಿಯೂ ಪಾನಕಗಳ ವಿಚಾರವಿದೆ. ಚನ್ನಗಿರಿಗೆ ಹೆಸರನ್ನು ಕೊಟ್ಟಳೆಂದು ಹೇಳಲಾಗುವ ಕೆಳದಿಯ ರಾಣಿ ಚೆನ್ನಮ್ಮಾಜಿಯ ದತ್ತುಪುತ್ರ ಬಸವಪ್ಪನಾಯಕನು ಬರೆದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವೂ ಪಾಕಶಾಸ್ತ್ರವನ್ನು ವಿಷಯವಾಗಿ ಮಾಡಿಕೊಂಡಿರುವುದರಿಂದ, ಈ ಸೀಮೆಯ ಅರಸುಮನೆತನಕ್ಕೂ ಅಡಿಗೆಯ ಬರವಣಿಗೆಗೂ ಹಳೆಯ ನಂಟಿದೆಯೆನ್ನಬಹುದು.

ಆದರೆ ಪಾನಕದಲ್ಲಿ ಹೆಚ್ಚಿನ ಪಾಲು ನೀರೇ ಆಗಿರುವುದರಿಂದ, ಎಲ್ಲಿಯ ಪಾನಕ ಹೇಗಿದೆಯೆಂಬುದನ್ನು ಅಲ್ಲಿಯ ನೀರು ನಿರ್ಧರಿಸುತ್ತದೆ, ಮತ್ತು ನೀರಿನ ವಿಷಯದಲ್ಲಿ ಈ ನಾಲ್ಕು ತಾಲ್ಲೂಕುಗಳಷ್ಟು ಬೇರೆಬೇರೆಯಾದ ನೆರೆಹೊರೆಗಳು ವಿರಳ. ಚನ್ನಗಿರಿಗೆ ಶಾಂತಿಸಾಗರವೆಂದೂ ಕರೆಯುವ ಸೂಳೆಕೆರೆಯಿದೆ, ಶಾಂತವ್ವೆಯೆಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಜನ ಇಂದಿಗೂ ನೆನೆಯುವ ಕೆರೆ ಅದು. ಅದರೊಡನೆ ಭದ್ರಾ ನಾಲೆಯ ನೀರೂ ಇದೆ. ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆಯರು ಒಂದಾಗಿ ಹರಿದುಬರುವ ತುಂಗಭದ್ರೆಯ ದಡದಲ್ಲಿ ಹೊನ್ನಾಳಿಯಿದೆ. ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿಯ ಒಂದು ಅಂಚು ಮಲೆನಾಡಿನ ಸೆರಗನ್ನು ಮುಟ್ಟುತ್ತದೆ, ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರದ ಗುಡ್ಡದಲ್ಲಿ ರಾಮನ ಹೆಸರಿನೊಡನೆ ಹೊಂದಿಸಿ ಹೇಳುವ ತೀರ್ಥವೂ ಇದೆ. ಜಗಳೂರಿನದು ಮಾತ್ರ ಬೇರೆಯೇ ಕಥೆ: ವರ್ಷವಿಡೀ ಹರಿಯುವ ನದಿಯಿಲ್ಲದ, ಮಳೆಯನ್ನೇ ನೆಚ್ಚಿದ, ಬರವನ್ನು ಮತ್ತೆ ಮತ್ತೆ ಕಂಡ ಈ ಸೀಮೆಯಲ್ಲಿ ಕೊಳವೆಬಾವಿಯ ನೀರಿಗೆ ಫ್ಲೋರೈಡಿನ ಕಾಟವೂ ಸೇರಿಕೊಂಡಿರುವುದರಿಂದ, ಪಾನಕಕ್ಕೆ ಬೆಲ್ಲವನ್ನು ತರುವ ಮೊದಲು ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿ ತರಬೇಕಾಗುತ್ತದೆ. ಇಂಥಲ್ಲಿ ದಾರಿಹೋಕರಿಗೆ ಕೊಡುವ ಒಂದು ಲೋಟದ ಬೆಲೆಯನ್ನು ಉಳಿದ ಮೂರು ತಾಲ್ಲೂಕುಗಳ ಅಳತೆಯಿಂದ ಅಳೆಯಲಾಗದು.

ಹಾಗಿದ್ದರೂ ನಿಸರ್ಗವು ಜಗಳೂರಿಗೆ ಒಂದು ಅನುಕೂಲವನ್ನು ಕೊಟ್ಟಿದೆ. ಮಣ್ಣಿನ ಹರವಿಯ ನೀರು ತಂಪಾಗುವುದು ಅದರ ಮೈಯಿಂದ ಒಸರಿದ ತೇವವು ಆವಿಯಾಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುವುದರಿಂದ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚುರುಕಾಗಿ ನಡೆಯುವ ಕಾರಣ, ನಾಲೆಯ ಗದ್ದೆಬಯಲಿನ ಹರವಿಗಿಂತ ಜಗಳೂರಿನ ಒಣಗಾಳಿಗಿಟ್ಟ ಹರವಿ ಹೆಚ್ಚು ತಣ್ಣಗಿರುತ್ತದೆ. ಹರವಿಯ ತಂಪು ಗಂಟಲನ್ನು ಕೊರೆಯುವಂಥದಲ್ಲ. ಅತಿಯಾಗಿ ತಣಿಸಿದ ಪೇಯದಲ್ಲಿ ಸಿಹಿ ಮಂಕಾಗಿ ತೋರುವುದರಿಂದ ಮಂಜುಗಡ್ಡೆ ಹಾಕುವವರು ಬೆಲ್ಲವನ್ನೂ ಹೆಚ್ಚಿಸಬೇಕಾಗುತ್ತದೆ, ಹರವಿಯ ಪಾನಕಕ್ಕೆ ಆ ಹೊರೆಯಿಲ್ಲ. ಸಾಮಾನುಗಳು ಕೆಡದಂತೆ ಸಾಗಿಸಲು ತಯಾರಾಗುವ ಮಂಜುಗಡ್ಡೆಯನ್ನು ಕೊಳಗದೊಳಗೆ ಹಾಕುವುದಂತೂ ಸಲ್ಲದು. ಬೇಕೇಬೇಕಾದರೆ ಅಗಲವಾದ ಬಾನಿಯಲ್ಲಿ ಅದನ್ನು ಹರಡಿ ಕೊಳಗವನ್ನು ಅದರ ನಡುವೆ ಇಡಬಹುದು.

ಬೇಸಿಗೆಯ ಕೂಟಕ್ಕೆ ಒಂದೇ ಪಾತ್ರೆಯಲ್ಲಿ ಹುಳಿ, ಸಿಹಿ, ಉಪ್ಪುಗಳನ್ನು ಹೊಂದಿಸುವ ಬಯಕೆ ಈ ನಾಡಿಗಷ್ಟೇ ಸೀಮಿತವಾದದ್ದಲ್ಲ. ಅಮೆರಿಕದಲ್ಲಿ ಬೇಸಿಗೆಯ ಕೂಟಗಳಿಗೆ ದೊಡ್ಡ ಹೂಜಿಯಲ್ಲಿ ಕಲಸುವ ಬಿಯರ್ ಮಾರ್ಗರಿಟಾ ಎಂಬ ಮದ್ಯವು ನಿಂಬೆಯ ಸಿಹಿಪಾನಕಕ್ಕೆ ಟಕೀಲಾ ಮತ್ತು ಬಿಯರನ್ನು ಬೆರೆಸಿದ್ದು, ಅದನ್ನು ಕುಡಿಯುವ ಲೋಟದ ಅಂಚಿಗೆ ಉಪ್ಪನ್ನು ಸವರುವುದುಂಟು. ಟಕೀಲಾವನ್ನು ಇಳಿಸುವುದು ಮೆಕ್ಸಿಕೊದ ನೀಲಿ ಅಗೇವ್ ಗಿಡದ ಗಡ್ಡೆಯಂಥ ನಡುಭಾಗವನ್ನು ಬೇಯಿಸಿ, ಹುದುಗಿಸಿ, ಬಟ್ಟಿಯಿಳಿಸಿ. ಬಯಲುಸೀಮೆಯ ಹೊಲದ ಬದುಗಳಲ್ಲಿ ಬೇಲಿಗಾಗಿ ನಿಂತು, ಹಗ್ಗಕ್ಕೆ ನಾರನ್ನು ಕೊಡುವ ಕತ್ತಾಳೆಯೂ ಅದೇ ಕುಲದ್ದು, ಅಮೆರಿಕ ಖಂಡದಿಂದಲೇ ಇಲ್ಲಿಗೆ ಬಂದದ್ದು. ಆದರೆ ಮಾರ್ಗರಿಟಾದ ಹೂಜಿ ಆಹ್ವಾನ ಪಡೆದವರಿಗಾಗಿ, ಅದರಲ್ಲಿಯೂ ವಯಸ್ಕರಿಗಾಗಿ ಇರುವಂಥದು. ಪಾನಕದ ಕೊಳಗಕ್ಕೆ ಕೂಸು, ಮುದುಕಿ, ವ್ರತ ಹಿಡಿದವರು, ಹಮಾಲಿ, ಬಸ್ಸಿನ ಚಾಲಕ ಎಲ್ಲರೂ ಬರುವುದರಿಂದ ಅದರ ಖಾರವನ್ನು ಎಳೆಯ ನಾಲಿಗೆಗೆ ತಕ್ಕಂತೆಯೇ ಇಡಬೇಕಾಗುತ್ತದೆ.

ಕೊಳಗವು ಒಂದೇ ಹಬ್ಬಕ್ಕೆ ಕಟ್ಟುಬಿದ್ದದ್ದೂ ಅಲ್ಲ. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಹಸ್ತದಾಕಾರದ ಪಂಜಾಗಳಿಗೆ ಚೊಂಗೆಯೆಂಬ ಸಿಹಿತಿಂಡಿಯೊಡನೆ ಪಾನಕವನ್ನು ಸಲ್ಲಿಸಿ ಹಂಚುವ ರೂಢಿ ಕರ್ನಾಟಕದ ಅನೇಕ ಹಳ್ಳಿಗಳಲ್ಲಿದೆ, ಮತ್ತು ಅದರಲ್ಲಿ ಎಲ್ಲ ಜಾತಿಯವರೂ ಭಾಗಿಗಳು; ರಂಜಾನಿನ ಸಂಜೆ ಉಪವಾಸ ಬಿಡುವವರ ಶರಬತ್ತಿನಲ್ಲಿ ನೆನೆದ ಕಾಮಕಸ್ತೂರಿ ಬೀಜಗಳಿರುತ್ತವೆ. ಇನ್ನೂ ಹಿಂದಕ್ಕೆ ಹೋದರೆ, ದಾರಿಹೋಕರಿಗೆ ನೀರು, ಮಜ್ಜಿಗೆಗಳನ್ನು ಬೆಲೆಯಿಲ್ಲದೆ ಕೊಡುವ ತಾಣವಾದ ಅರವಟ್ಟಿಗೆಯನ್ನು ಕನ್ನಡ ಶಾಸನಗಳು ಕೆರೆ, ಬಾವಿ, ಛತ್ರಗಳ ಸಾಲಿನಲ್ಲಿಟ್ಟು ಧರ್ಮಕಾರ್ಯವೆಂದು ಹೇಳುತ್ತವೆ. ಇಂದು ತಾಲ್ಲೂಕು ಕಚೇರಿಯ ಮುಂದೆ ಮರದಡಿ ಹರವಿಯಿಡುವವರು ಆ ಪರಂಪರೆಯ ವಾರಸುದಾರರೇ.

ಈಚಿನ ವರ್ಷಗಳಲ್ಲಿ ಕೊಳಗದ ಬದಲು ಕಾರ್ಖಾನೆಯ ಪೊಟ್ಟಣದ ಪೇಯಗಳನ್ನು ಪೆಟ್ಟಿಗೆಗಟ್ಟಲೆ ತಂದು ಹಂಚುವುದು ಹೆಚ್ಚುತ್ತಿದೆ. ಅದರಿಂದ ಶ್ರಮ ಉಳಿಯುವುದು ನಿಜ, ಶುಚಿತ್ವದ ಭಯವೂ ಕಡಿಮೆ. ಆದರೆ ಹಿಂದಿನ ರಾತ್ರಿ ನಾಲ್ಕಾರು ಜನ ಒಟ್ಟಿಗೆ ಕುಳಿತು ಏಲಕ್ಕಿ ಬಿಡಿಸುವುದೂ ಬೆಲ್ಲ ಕುಟ್ಟುವುದೂ ನಿಂತುಹೋಗುತ್ತವೆ, ಮೊದಲ ಸೌಟನ್ನು ಊರ ಹಿರಿಯರಿಗೆ ಕೊಟ್ಟು ಹುಳಿ ಸಾಕೋ ಬೇಕೋ ಎಂದು ಕೇಳುವ ಸಂದರ್ಭವೂ ಇಲ್ಲವಾಗುತ್ತದೆ. ಶುಚಿತ್ವದ ಪ್ರಶ್ನೆಗೆ ಕುದಿಸಿ ಆರಿಸಿದ ನೀರು, ಮುಚ್ಚಳವಿರುವ ಕೊಳಗ, ಉದ್ದ ಹಿಡಿಕೆಯ ಸೌಟು, ಪ್ರತಿ ಬಾರಿಯೂ ತೊಳೆದ ಸ್ಟೀಲ್ ಲೋಟಗಳಲ್ಲಿಯೇ ತಕ್ಕ ಉತ್ತರವಿರುವಾಗ, ಇಷ್ಟು ದೊಡ್ಡ ಪದ್ಧತಿಯನ್ನು ಬಿಟ್ಟುಕೊಡಲು ಕಾರಣವಿಲ್ಲ.

ಪಾನಕವು ಬಹಳ ಹೊತ್ತು ನಿಲ್ಲುವ ಪೇಯವಲ್ಲವೆಂಬುದನ್ನು ಕಲಸುವವರು ಗಮನದಲ್ಲಿಡಬೇಕು. ಬೆಲ್ಲದ ನೀರು ಬಿಸಿಲಿನ ಹೊತ್ತಿನಲ್ಲಿ ಹುದುಗತೊಡಗುತ್ತದೆ; ಬೆಳಿಗ್ಗೆ ಕಲಸಿದ್ದು ಸಂಜೆಯ ವೇಳೆಗೆ ನೊರೆಗಟ್ಟಿ ಹುಳಿವಾಸನೆ ಬಂದರೆ ಅದನ್ನು ಯಾರಿಗೂ ಕೊಡಬಾರದು. ಆದಕಾರಣ ಅನುಭವಿಗಳು ಎಲ್ಲ ಬೆಲ್ಲವನ್ನೂ ಒಮ್ಮೆಗೇ ನೀರಿಗಿಳಿಸದೆ, ದಪ್ಪ ಪಾಕವನ್ನು ಬೇರೆ ಪಾತ್ರೆಯಲ್ಲಿ ಮುಚ್ಚಿಟ್ಟು, ಒಂದು ಕೊಳಗ ಮುಗಿಯುತ್ತ ಬಂದಂತೆ ಮತ್ತೊಂದನ್ನು ಹೊಸ ನೀರು, ಹೊಸ ನಿಂಬೆಗಳಿಂದ ಹದಗೊಳಿಸುತ್ತಾರೆ. ಮಧ್ಯಾಹ್ನದ ಮೇಲೆ ಜನ ತೆಳುವಾದಾಗ ಪಾಕವನ್ನು ಹಾಗೆಯೇ ಉಳಿಸಿಕೊಂಡು, ಶುಂಠಿ, ಕರಿಬೇವು, ಕೊತ್ತಂಬರಿ, ಇಂಗು ಹಾಕಿದ ನೀರುಮಜ್ಜಿಗೆಯನ್ನು ಹೊರಗಿಡುವುದು ವಾಡಿಕೆ. ಉಳಿದ ಪಾಕ ಮರುದಿನ ಯಾರ ಮನೆಯ ಪಾಯಸಕ್ಕಾದರೂ ಒದಗುತ್ತದೆ.